ಅರವತ್ತು ನಿಮಿಷದ ಕ್ಯಾಸೆಟ್ಟಿಗೆ ಹತ್ತೇ ಹಾಡು

ರೇಡಿಯೊ ಕೇಳಿ ಬೆಳೆದವರಿಗೆ ಮೆಚ್ಚಿನ ಹಾಡುಗಳಿರುತ್ತವೆ, ಮೆಚ್ಚಿನ ಹಾಡುಗಳ ಪಟ್ಟಿ ಇರುವುದಿಲ್ಲ. ಯಾವ ಹಾಡು ಯಾವ ಹೊತ್ತಿಗೆ ಬರಬೇಕೆಂಬುದು ಬೆಂಗಳೂರಿನ ಆಕಾಶವಾಣಿಯವರ ಮರ್ಜಿ. ಕೋರಿಕೆಯ ಕಾರ್ಡು ಬರೆದು, ಮನೆಮಂದಿಯ ಹೆಸರನ್ನೆಲ್ಲ ಅದರಲ್ಲಿ ತುರುಕಿ, ವಾರಗಟ್ಟಲೆ ಕಾದು, ಕೊನೆಗೆ ನಮ್ಮ ಹಾಡು ಬರುವ ಹೊತ್ತಿಗೆ ಸರಿಯಾಗಿ ರೇಡಿಯೊದ ಸೆಲ್ಲು ಇಳಿದುಹೋದರೆ ಅದೂ ಹಣೆಬರಹ. ಬಂದದ್ದನ್ನು ಕೇಳುವುದು, ಬಾರದ್ದಕ್ಕೆ ಕಾಯುವುದು, ಇಷ್ಟೇ ನಮ್ಮ ಪಾಲಿಗಿದ್ದ ಕೆಲಸ.

ಆರಿಸುವ ಅಧಿಕಾರ ನಮ್ಮ ಕೈಗೆ ಬಂದದ್ದು ಕ್ಯಾಸೆಟ್ಟಿನ ಜೊತೆ. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ ‘ನಿತ್ಯೋತ್ಸವ’ 1978ರಲ್ಲಿ ಹೊರಬಂದಾಗ ಕನ್ನಡಕ್ಕೆ ಭಾವಗೀತೆಯ ಕ್ಯಾಸೆಟ್ ಎಂಬುದೇ ಹೊಸದು. ಅಲ್ಲಿಂದ ಮುಂದಿನ ಹತ್ತು ವರ್ಷದಲ್ಲಿ ಟೇಪ್ ರೆಕಾರ್ಡರ್ ಎಲ್ಲೆಲ್ಲಿಗೆ ನುಗ್ಗಿತೆಂದು ಹೇಳುವುದೇ ಬೇಡ. ದರ್ಜಿಯ ಅಂಗಡಿ, ಕಟಿಂಗ್ ಶಾಪು, ಹೋಟೆಲಿನ ಗಲ್ಲಾಪೆಟ್ಟಿಗೆಯ ಪಕ್ಕ, ಖಾಸಗಿ ಬಸ್ಸಿನ ಡ್ರೈವರ್ ತಲೆಯ ಮೇಲೆ, ಮದುವೆ ಮನೆಯ ಮೈಕ್ ಸೆಟ್ಟಿನವನ ಪೆಟ್ಟಿಗೆಯೊಳಗೆ. ಖಾಲಿ ಕ್ಯಾಸೆಟ್ ಕೊಂಡು, ರೆಕಾರ್ಡಿಂಗ್ ಅಂಗಡಿಗೆ ಹೋಗಿ, ಬೇಕಾದ ಹಾಡುಗಳ ಚೀಟಿ ಕೊಟ್ಟು ಬಂದರೆ ಎರಡು ದಿನ ಬಿಟ್ಟು ಸಿಗುತ್ತಿತ್ತು. ಕಾನೂನಿನ ಲೆಕ್ಕದಲ್ಲಿ ಅದು ಸರಿಯೋ ತಪ್ಪೋ ಎಂದು ಕೇಳಿದವರನ್ನು ನಾನು ನೋಡಲಿಲ್ಲ.

ಆ ಚೀಟಿ ಬರೆಯುವುದೇ ದೊಡ್ಡ ಸಂಕಟ. ಅರವತ್ತು ನಿಮಿಷದ ಕ್ಯಾಸೆಟ್ಟಿಗೆ ಒಂದು ಬದಿಗೆ ಮೂವತ್ತು ನಿಮಿಷ. ಐದು ಹಾಡು ಸಲೀಸಾಗಿ ಹಿಡಿಯುತ್ತವೆ. ಆಸೆಪಟ್ಟು ಆರನೆಯದನ್ನು ಹಾಕಿಸಿದಿರೋ, ಕೊನೆಯ ಚರಣದ ನಡುವೆ ಟೇಪು ಮುಗಿದು ಗಾಯಕ ಅರ್ಧ ಬಾಯಿಗೇ ನಿಂತುಬಿಡುತ್ತಾನೆ. ಎರಡು ಬದಿಗೆ ಹತ್ತು ಹಾಡು. ಹನ್ನೊಂದನೆಯದು ಎಷ್ಟೇ ಇಷ್ಟವಾದರೂ ಹೊರಗೆ.

ಹಿಂದಿ ಹಾಡುಗಳಿಗೆ ಇಂಥ ಶ್ರೇಣಿ ಮೊದಲೇ ಇತ್ತು. 1952ರಿಂದ ರೇಡಿಯೊ ಸಿಲೋನಿನಲ್ಲಿ ಅಮೀನ್ ಸಯಾನಿ ನಡೆಸಿಕೊಟ್ಟ ‘ಬಿನಾಕಾ ಗೀತ್‌ಮಾಲಾ’ ಹಾಡುಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಹತ್ತಿಸಿ ಇಳಿಸಿ ದೇಶವನ್ನೇ ರೇಡಿಯೊ ಮುಂದೆ ಕೂರಿಸಿತ್ತು. ಕನ್ನಡದ ಹಾಡುಗಳಿಗೆ ಮೆಟ್ಟಿಲು ಕಟ್ಟುವ ಕೆಲಸ ನಮ್ಮಂಥವರ ಚೀಟಿಗಳಲ್ಲೇ ನಡೆಯಿತು. ಈ ಲೇಖನ ಅಂಥದೇ ಒಂದು ಚೀಟಿ, ತಡವಾಗಿ ಬರೆದದ್ದು.

ಬರೆಯುತ್ತಿರುವುದು ಕಡಬದವನು. ಕಡಬ ಎಂದೊಡನೆ ಈಗಿನವರು ದಕ್ಷಿಣ ಕನ್ನಡದ ತಾಲ್ಲೂಕನ್ನು ನೆನೆಯುತ್ತಾರೆ. ನಮ್ಮದು ತುಮಕೂರು ಜಿಲ್ಲೆ ಗುಬ್ಬಿ ತಾಲ್ಲೂಕಿನ ಕಡಬ. ದೇವರಾಯನದುರ್ಗದ ಬೆಟ್ಟದಲ್ಲಿ ಹುಟ್ಟುವ ಶಿಂಷಾ ನದಿ ಬಂದು ತುಂಬುವ ದೊಡ್ಡ ಕೆರೆಯ ಊರು, ರಾಷ್ಟ್ರಕೂಟರ ಮೂರನೆಯ ಗೋವಿಂದನ ತಾಮ್ರಪಟದಿಂದ ಇತಿಹಾಸದ ಪುಸ್ತಕ ಸೇರಿದ ಊರು. ಗುಬ್ಬಿ ಹತ್ತಿರದಲ್ಲೇ ಇರುವುದರಿಂದ ನಾಟಕದ ಗೀಳೂ ನಮಗೆ ತಕ್ಕಮಟ್ಟಿಗೆ ಅಂಟಿದೆ. ಈ ಎರಡೂ ವಿಷಯ, ಕೆರೆ ಮತ್ತು ನಾಟಕ, ನನ್ನ ಪಟ್ಟಿಯ ಮೇಲೆ ಪ್ರಭಾವ ಬೀರಿವೆ ಎಂದು ಮೊದಲೇ ಹೇಳಿಬಿಡುತ್ತೇನೆ.

ಪಟ್ಟಿಗೆ ಮೂರು ನಿಯಮ. ಒಂದು, ಕೆರೆ ಏರಿಯ ಮೇಲೆ ಸೈಕಲ್ ತುಳಿಯುತ್ತಾ ಒಬ್ಬನೇ ಹಾಡಿಕೊಂಡರೂ ಹಾಡು ನಿಲ್ಲಬೇಕು, ವಾದ್ಯದ ಊರುಗೋಲು ಬೇಡಬಾರದು. ಎರಡು, ಪಲ್ಲವಿ ಮಾತ್ರವಲ್ಲ, ಚರಣವೂ ಜನಕ್ಕೆ ಬಾಯಿಪಾಠವಾಗಿರಬೇಕು. ಮೂರು, ಸಿನಿಮಾ ನೋಡದವನಿಗೂ ಹಾಡು ತನ್ನದೆನಿಸಬೇಕು. ಇವುಗಳ ಜೊತೆಗೆ ಸಾಮಾನ್ಯ ಶಿಸ್ತು: 1980ರಿಂದ 1989ರೊಳಗೆ ತೆರೆಕಂಡ ಕನ್ನಡ ಚಿತ್ರದ್ದಾಗಿರಬೇಕು, ಒಂದು ಚಿತ್ರಕ್ಕೆ ಒಂದೇ ಹಾಡು. ಸಿ. ಅಶ್ವಥ್ ರಾಗ ಹಾಕಿದ ಶಿಶುನಾಳ ಷರೀಫರ ಪದಗಳು, ‘ಮೈಸೂರು ಮಲ್ಲಿಗೆ’ಯ ಹಾಡುಗಳು ಇದೇ ಕ್ಯಾಸೆಟ್ ಯುಗದಲ್ಲಿ ಮನೆಮನೆ ಸೇರಿದವಾದರೂ ಅವಕ್ಕೆ ಬೇರೆಯೇ ಪಟ್ಟಿ ಬೇಕು.

ಇನ್ನು ಕೆಳಗಿನಿಂದ ಮೇಲಕ್ಕೆ.

10. ನಿಂಬೆ ಹಣ್ಣಿನಂಥ ಹುಡುಗಿ (ಪ್ರೇಮಲೋಕ, 1987)

ದಶಕವನ್ನು ಎರಡು ಭಾಗ ಮಾಡಬೇಕೆಂದರೆ ಗೆರೆ ಎಳೆಯಬೇಕಾದ್ದು ‘ಪ್ರೇಮಲೋಕ’ದ ಹತ್ತಿರ. ರವಿಚಂದ್ರನ್ ನಿರ್ದೇಶಿಸಿ ನಟಿಸಿ, ಜೂಹಿ ಚಾವ್ಲಾ ನಾಯಕಿಯಾದ ಈ ಚಿತ್ರಕ್ಕೆ ಹಾಡು ಬರೆದದ್ದೂ ರಾಗ ಹಾಕಿದ್ದೂ ಹಂಸಲೇಖ. ಅದುವರೆಗೆ ನಮ್ಮ ಸಿನಿಮಾ ಪ್ರೇಮಿಗಳು ಹಾಡಲು ಬಾಯಿ ತೆರೆದರೆ ಚಂದ್ರ, ತಾರೆ, ತಂಗಾಳಿ, ಕಾವೇರಿ. ಹಂಸಲೇಖ ಅವರ ಕೈಯಲ್ಲಿ ಪ್ರೇಮಿಗಳು ಕಾಲೇಜಿನ ಮೆಟ್ಟಿಲ ಮೇಲೆ ಕೂತು ಮಾತಾಡಿದ ಹಾಗೆ ಹಾಡಿದರು, ಚುಡಾಯಿಸಿದರು, ಜಗಳವಾಡಿದರು. ಕಥೆಯನ್ನು ಸಂಭಾಷಣೆಗಿಂತ ಹಾಡುಗಳೇ ಎಳೆದುಕೊಂಡು ಹೋದವು. ಗುಬ್ಬಿಯ ಬಸ್ಸಿನಲ್ಲಿ ಈ ಕ್ಯಾಸೆಟ್ ಒಮ್ಮೆ ಹೊಕ್ಕರೆ ಎರಡೂ ಬದಿ ಮುಗಿಯುವವರೆಗೆ ಹೊರಗೆ ಬರುತ್ತಿರಲಿಲ್ಲ.

ಹಾಗಿದ್ದೂ ಹತ್ತನೆಯ ಸ್ಥಾನ ಯಾಕೆ? ಮೊದಲ ನಿಯಮದಲ್ಲಿ ಇದಕ್ಕೆ ಅಂಕ ಕಡಿಮೆ. ತಾಳವಾದ್ಯದ ಆ ಅಬ್ಬರ ತೆಗೆದು ಬರಿಗಂಟಲಲ್ಲಿ ಹಾಡಿ ನೋಡಿ, ಹಾಡು ಅರ್ಧಕ್ಕೆ ಇಳಿಯುತ್ತದೆ. ಆದರೂ ಇದನ್ನು ಬಿಟ್ಟು ಎಂಬತ್ತರ ದಶಕದ ಪಟ್ಟಿ ಮಾಡುವವನು ಸುಳ್ಳುಗಾರ.

9. ಹಿಂದೂಸ್ಥಾನವು ಎಂದೂ ಮರೆಯದ (ಅಮೃತ ಘಳಿಗೆ, 1984)

ಇದು ಸಿನಿಮಾ ಹಾಡು ಎಂದು ನಮ್ಮ ಕಡೆ ಎಷ್ಟೋ ಜನಕ್ಕೆ ಇವತ್ತಿಗೂ ಗೊತ್ತಿಲ್ಲ. ಆಗಸ್ಟ್ ಹದಿನೈದಕ್ಕೆ ಶಾಲೆಯ ಮಕ್ಕಳು ಹಾಡುವ ಹಾಡು ಎಂದಷ್ಟೇ ಗೊತ್ತು. ಪುಟ್ಟಣ್ಣ ಕಣಗಾಲ್ ಚಿತ್ರಕ್ಕೆ ವಿಜಯನಾರಸಿಂಹ ಬರೆದು, ವಿಜಯಭಾಸ್ಕರ್ ರಾಗ ಹಾಕಿ, ಕೇರಳದ ಪಿ. ಜಯಚಂದ್ರನ್ ಹಾಡಿದರು. ಜಯಚಂದ್ರನ್ 2025ರ ಜನವರಿಯಲ್ಲಿ ತೀರಿಕೊಂಡಾಗ ಕನ್ನಡಿಗರು ಮೊದಲು ನೆನೆದ ಹಾಡುಗಳಲ್ಲಿ ಇದೂ ಒಂದು.

ದೇಶಭಕ್ತಿಯ ಹಾಡು ಎಂದರೆ ಎದೆಯುಬ್ಬಿಸಿ ಕೂಗಬೇಕೆಂಬ ರೂಢಿಯಿದೆ. ಇದು ಕೂಗುವುದಿಲ್ಲ. ತಾಯಿ ಮಗುವಿಗೆ ಬುದ್ಧಿ ಹೇಳುವ ಹದದಲ್ಲಿ ನಡೆಯುತ್ತದೆ. ಹಾಗಾಗಿಯೇ ಮಕ್ಕಳ ಗಂಟಲಿಗೆ ಒಗ್ಗಿತು. ಮೂರನೆಯ ನಿಯಮದಲ್ಲಿ ನೂರಕ್ಕೆ ನೂರು.

8. ಕನ್ನಡ ನಾಡಿನ ರಸಿಕರ ಮನವ (ರಂಗನಾಯಕಿ, 1981)

ಇಲ್ಲಿ ಗುಬ್ಬಿಯ ಪಕ್ಷಪಾತ ಶುರು. ನಾಟಕ ಕಂಪನಿಯ ಬದುಕನ್ನು ಇಟ್ಟುಕೊಂಡು ಪುಟ್ಟಣ್ಣ ಮಾಡಿದ ಚಿತ್ರ ‘ರಂಗನಾಯಕಿ’. ಅಶ್ವತ್ಥರ ಕಾದಂಬರಿ, ಆರತಿಯವರ ಅಭಿನಯ, ಎಂ. ರಂಗರಾವ್ ಸಂಗೀತ. ಈ ಹಾಡು ಕಂಪನಿ ನಾಟಕದ ರಂಗಗೀತೆಯ ಗತ್ತನ್ನು ಹಾಗೇ ತೆರೆಗೆ ತಂದುಬಿಟ್ಟಿತು.

1884ರಲ್ಲಿ ಹುಟ್ಟಿದ ಗುಬ್ಬಿ ಚನ್ನಬಸವೇಶ್ವರ ನಾಟಕ ಕಂಪನಿಯ ತವರಿನವರಿಗೆ ಇದು ಬೇರೆಯವರ ಕಥೆಯಲ್ಲ. ಗುಬ್ಬಿ ವೀರಣ್ಣನವರ ಕಂಪನಿಯಲ್ಲಿ ಪಳಗಿದವರ ಹೆಸರು ಹೇಳುತ್ತಾ ಹೋದರೆ ಕನ್ನಡ ಚಿತ್ರರಂಗದ ಅರ್ಧ ಚರಿತ್ರೆ ಮುಗಿಯುತ್ತದೆ: ರಾಜ್‌ಕುಮಾರ್, ನರಸಿಂಹರಾಜು, ಜಿ.ವಿ. ಅಯ್ಯರ್, ಬಾಲಕನಾಗಿ ಸೇರಿದ ಬಿ.ವಿ. ಕಾರಂತ. ನಮ್ಮ ಹಳ್ಳಿಗಳಲ್ಲಿ ಈಗಲೂ ಹಬ್ಬ ಬಂದರೆ ‘ಕುರುಕ್ಷೇತ್ರ’ ಆಡುತ್ತಾರೆ. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ತಾಲೀಮು ಕೊಡುತ್ತಾರೆ. ಬೆಳಗಿನ ಜಾವ ಮೂರಕ್ಕೆ ಗಂಟಲು ಹೋದ ದುರ್ಯೋಧನ ಇನ್ನೊಂದು ಕಂದ ಎತ್ತಿದರೂ ಜನ ಏಳುವುದಿಲ್ಲ. ಆ ಜನಕ್ಕೆ ಈ ಹಾಡಿನ ರುಚಿ ಹೇಳಿಕೊಡಬೇಕಿಲ್ಲ.

7. ಆ ರತಿಯೇ ಧರೆಗಿಳಿದಂತೆ (ಧ್ರುವತಾರೆ, 1985)

ನಾಟಕದ ಮಾತು ಬಂದಮೇಲೆ ರಾಜ್‌ಕುಮಾರ್ ಕಂಠಕ್ಕೆ ಬರಲೇಬೇಕು. 1954ರ ‘ಬೇಡರ ಕಣ್ಣಪ್ಪ’ದಿಂದ ನಾಯಕನಾದವರು ತಮ್ಮ ಹಾಡುಗಳನ್ನು ತಾವೇ ಹಾಡುವ ರೂಢಿ ಶುರುವಾದದ್ದು ಇಪ್ಪತ್ತು ವರ್ಷದ ಮೇಲೆ, 1974ರ ‘ಸಂಪತ್ತಿಗೆ ಸವಾಲ್’ನಲ್ಲಿ. ಎಂಬತ್ತರ ದಶಕದ ಹೊತ್ತಿಗೆ ಗಾಯಕ ರಾಜ್‌ಕುಮಾರ್ ನಟ ರಾಜ್‌ಕುಮಾರ್‌ಗೆ ಸರಿಸಮ. 1982ರ ಗೋಕಾಕ್ ಚಳವಳಿಯಲ್ಲಿ ಊರೂರು ಸುತ್ತಿ ಭಾಷಣ ಮಾಡಿದ ಕಂಠವೂ ಇದೇ. ಅವರು ಅಕ್ಷರ ನುಂಗುವುದಿಲ್ಲ. ಮಹಾಪ್ರಾಣಕ್ಕೆ ಅದರ ಮರ್ಯಾದೆ, ಒತ್ತಿಗೆ ಅದರ ತೂಕ. ಮೈಕಿಲ್ಲದ ಕಾಲದಲ್ಲಿ ಕೊನೆಯ ಸಾಲಿನ ನೆಲದ ಟಿಕೆಟ್ಟಿನವನಿಗೂ ಮಾತು ತಲುಪಿಸಬೇಕಾಗಿದ್ದ ಕಂಪನಿ ನಾಟಕದ ತಾಲೀಮು ಅದು.

‘ಧ್ರುವತಾರೆ’ಯ ಈ ಯುಗಳಗೀತೆಯಲ್ಲಿ ಅವರ ಜೊತೆಗೆ ಬೆಂಗಳೂರು ಲತಾ. ಸಂಗೀತ ಉಪೇಂದ್ರ ಕುಮಾರ್. ಒಡಿಶಾದಿಂದ ಬಂದ ಈ ಮನುಷ್ಯ ಕನ್ನಡದ ಲಯವನ್ನು ಹೇಗೆ ಒಳಗೆ ತೆಗೆದುಕೊಂಡರೆಂಬುದು ಸೋಜಿಗ. ಚಿ. ಉದಯಶಂಕರ್ ಸಾಹಿತ್ಯ ಶೃಂಗಾರದ್ದೇ ಆದರೂ ಮನೆಯ ಹಿರಿಯರ ಮುಂದೆ ಟೇಪು ಹಾಕಲು ಮುಜುಗರವಿಲ್ಲ. ರಾಜ್‌ಕುಮಾರ್ ಹಾಡುಗಳಲ್ಲಿ ಒಂದನ್ನೇ ಆರಿಸುವ ಹಿಂಸೆಯಲ್ಲಿ ಇಳಯರಾಜಾ ರಾಗ ಹಾಕಿದ ‘ನೀ ನನ್ನ ಗೆಲ್ಲಲಾರೆ’ಯ ‘ಜೀವ ಹೂವಾಗಿದೆ’ ಹೊರಗುಳಿಯಿತು. ‘ಹಾಲು ಜೇನು’ ಚಿತ್ರದ ಹಾಡುಗಳಿಗೂ ಅದೇ ಗತಿ. ಕ್ಷಮೆ ಕೇಳುವುದಿಲ್ಲ. ಬದಿಗೆ ಐದೇ ಹಾಡು.

6. ಕಾಣದಂತೆ ಮಾಯವಾದನು (ಚಲಿಸುವ ಮೋಡಗಳು, 1982)

ಏಳು ವರ್ಷದ ಹುಡುಗ ಬದುಕಿನ ತತ್ವ ಹಾಡುವುದು, ಅದನ್ನು ನಾಡಿನ ಏಳು ವರ್ಷದ ಹುಡುಗರೆಲ್ಲ ಕುಣಿಯುತ್ತ ಹಾಡುವುದು. ಚಿ. ಉದಯಶಂಕರ್ ತತ್ವಪದದ ಧಾಟಿಯನ್ನು ಮಗುವಿನ ಬಾಯಿಗೆ ಕೊಟ್ಟರು, ರಾಜನ್–ನಾಗೇಂದ್ರ ಅದಕ್ಕೆ ಕುಣಿತದ ಲಯ ಹಾಕಿದರು. ಎರಡು ಎದುರುಬದುರಾದ ಸಂಗತಿಗಳು ಒಂದೇ ಹಾಡಿನಲ್ಲಿ ಜಗಳವಿಲ್ಲದೆ ಕೂತವು.

ಹಾಡಿದ ಆ ಹುಡುಗ ಪುನೀತ್, ಅಂದಿಗೆ ಮಾಸ್ಟರ್ ಲೋಹಿತ್. ಇದಕ್ಕೆ ತುಸು ಮೊದಲು ‘ಭಾಗ್ಯವಂತ’ದಲ್ಲಿ ಟಿ.ಜಿ. ಲಿಂಗಪ್ಪನವರ ಸಂಗೀತದಲ್ಲಿ ಹಾಡಿದ ‘ಬಾನ ದಾರಿಯಲ್ಲಿ’ ಕೂಡ ಮಕ್ಕಳ ಬಾಯಲ್ಲಿ ನಿಂತ ಹಾಡೇ. 2021ರ ಅಕ್ಟೋಬರ್ 29ರಂದು ಪುನೀತ್ ಹೋದಮೇಲೆ ಈ ಎರಡೂ ಹಾಡು ಮೊದಲಿನ ಹಾಗೆ ಕೇಳಿಸುವುದಿಲ್ಲ ಎಂದು ಎಲ್ಲರೂ ಹೇಳುತ್ತಾರೆ. ನಿಜ. ಆದರೆ ನಾನು ಆರನೆಯ ಸ್ಥಾನ ಕೊಡುತ್ತಿರುವುದು ದುಃಖಕ್ಕಲ್ಲ. ನಲವತ್ತು ವರ್ಷದ ಹಿಂದೆಯೇ ಇದು ನಮ್ಮ ಊರಿನ ಗೋಲಿ ಆಟದ ಹಾಡಾಗಿತ್ತು, ಗೋಲಿ ಕಳೆದುಕೊಂಡವನನ್ನು ಅಣಕಿಸಲು ಹಾಡುತ್ತಿದ್ದೆವು. ಆ ಲೆಕ್ಕಕ್ಕೇ ಈ ಸ್ಥಾನ.

5. ನಲಿವಾ ಗುಲಾಬಿ ಹೂವೆ (ಆಟೋ ರಾಜ, 1980)

ದಶಕದ ಬಾಗಿಲು ತೆಗೆದ ಹಾಡು. ಶಂಕರ್‌ನಾಗ್ ಆಟೊ ಓಡಿಸುವ ನಾಯಕ, ಗಾಯತ್ರಿ ನಾಯಕಿ, ಹಾಡಿದವರು ಎಸ್.ಪಿ. ಬಾಲಸುಬ್ರಹ್ಮಣ್ಯಂ. ಇಲ್ಲೂ ರಾಜನ್–ನಾಗೇಂದ್ರ, ಇಲ್ಲೂ ಚಿ. ಉದಯಶಂಕರ್. ಮೈಸೂರಿನ ಈ ಅಣ್ಣತಮ್ಮಂದಿರ ಜೋಡಿ 1952ರಲ್ಲಿ ‘ಸೌಭಾಗ್ಯ ಲಕ್ಷ್ಮಿ’ಯಿಂದ ಶುರುಮಾಡಿ, ಮೂರು ದಶಕದ ಮೇಲೂ ಇಷ್ಟು ತಾಜಾ ರಾಗ ಕೊಡುತ್ತಿತ್ತೆಂದರೆ ಅವರ ಕಸುಬಿಗೆ ಕೈ ಮುಗಿಯಬೇಕು. 1983ರ ‘ಬೆಂಕಿಯ ಬಲೆ’ಯ ‘ಒಲಿದ ಜೀವ’, 1988ರ ‘ಸುಪ್ರಭಾತ’ದ ‘ನನ್ನ ಹಾಡು ನನ್ನದು’ ಅವರವೇ. ಮಿಕ್ಕವರು ಹಾಡಿಗೆ ವಾದ್ಯ ಸೇರಿಸುತ್ತಾ ಹೋದಾಗ ಇವರು ಯಾವ ವಾದ್ಯ ಬೇಡವೆಂದು ಯೋಚಿಸಿದವರು.

ಆಟೊ ಸ್ಟ್ಯಾಂಡುಗಳಿಗೆ ಶಂಕರ್‌ನಾಗ್ ಹೆಸರಿಡುವುದು, ಆಟೊದ ಬೆನ್ನಿಗೆ ಅವರ ಚಿತ್ರ ಬಿಡಿಸುವುದು ಕರ್ನಾಟಕದ ಉದ್ದಗಲಕ್ಕೂ ಉಂಟು. 1990ರ ಸೆಪ್ಟೆಂಬರ್ 30ರಂದು ಅವರು ಹೋದಮೇಲೆ ಹುಟ್ಟಿದ ಹುಡುಗರೂ ಆ ಚಿತ್ರದ ಹಿಂದೆ ಕೂತು ಆಟೊ ಓಡಿಸುತ್ತಿದ್ದಾರೆ. ಆ ಬಾಂಧವ್ಯಕ್ಕೆ ಸಿನಿಮಾ ಎಷ್ಟು ಕಾರಣವೋ ಈ ಹಾಡೂ ಅಷ್ಟೇ ಕಾರಣ.

4. ಹಾಡು ಹಳೆಯದಾದರೇನು (ಮಾನಸ ಸರೋವರ, 1982)

ಪಟ್ಟಿಯಲ್ಲಿ ಹೆಣ್ಣು ಕಂಠ ಒಂದೇ ನಿಂತು ಹಾಡುವ ಹಾಡು ಇದು. ಜಿ.ಎಸ್. ಶಿವರುದ್ರಪ್ಪನವರ ಕವಿತೆ, ವಿಜಯಭಾಸ್ಕರ್ ರಾಗ, ವಾಣಿ ಜಯರಾಂ ಧ್ವನಿ. ಕವಿಗಳ ಪದ್ಯವನ್ನು ಸಿನಿಮಾಕ್ಕೆ ಕರೆತರುವ ಚಟ ಪುಟ್ಟಣ್ಣನವರಿಗೆ ಮೊದಲಿನಿಂದಲೂ ಇತ್ತು. 1967ರ ‘ಬೆಳ್ಳಿಮೋಡ’ದಲ್ಲಿ ಬೇಂದ್ರೆಯವರ ‘ಮೂಡಲ ಮನೆಯ’ವನ್ನು ಮನೆಮಾತಾಗಿಸಿದವರೂ ಅವರೇ. ಅದೇ 1982ರಲ್ಲಿ ‘ಹೊಸ ಬೆಳಕು’ ಚಿತ್ರಕ್ಕೆ ಕುವೆಂಪು ಅವರ ‘ತೆರೆದಿದೆ ಮನೆ’ಯೂ ಬಂತು. ಪಠ್ಯಪುಸ್ತಕ ಮತ್ತು ಟೂರಿಂಗ್ ಟಾಕೀಸಿನ ನಡುವಿನ ಬೇಲಿಯನ್ನು ಇಂಥ ಹಾಡುಗಳು ಕಿತ್ತುಹಾಕಿದವು. ಶಾಲೆ ಬಿಟ್ಟವನೂ ರಾಷ್ಟ್ರಕವಿಯ ಸಾಲನ್ನು ಗುನುಗಿದ.

ಮನುಷ್ಯರ ನಡುವೆ ಏನು ಹೇಳಿದರೂ ಹಳೆಯದೇ ಆಗುತ್ತದೆ, ಹೇಳುವ ಭಾವ ಹೊಸದಾಗಿರಬೇಕು ಎಂಬುದು ಕವಿತೆಯ ಧಾಟಿ. ವಾಣಿ ಜಯರಾಂ ಅದನ್ನು ಎಲ್ಲಿಯೂ ಅಳುವ ದನಿಗೆ ಇಳಿಸದೆ ಹಾಡಿದರು. 2023ರ ಫೆಬ್ರವರಿಯಲ್ಲಿ ಅವರು ತೀರಿಕೊಂಡರು. ಎಸ್. ಜಾನಕಿಯವರ ಭರಾಟೆಯಲ್ಲಿ ಅವರಿಗೆ ಕನ್ನಡಿಗರಿಂದ ಸಲ್ಲಬೇಕಾದಷ್ಟು ಸಲ್ಲಲಿಲ್ಲವೆಂಬುದು ನನ್ನ ತಕರಾರು.

3. ನೂರೊಂದು ನೆನಪು (ಬಂಧನ, 1984)

ಉಷಾ ನವರತ್ನರಾಂ ಕಾದಂಬರಿಯನ್ನು ರಾಜೇಂದ್ರಸಿಂಗ್ ಬಾಬು ಚಿತ್ರ ಮಾಡಿದರು. ಡಾಕ್ಟರ್ ಹರೀಶನಾಗಿ ವಿಷ್ಣುವರ್ಧನ್, ಎದುರು ಸುಹಾಸಿನಿ. ಹೊಡೆದಾಟದ ನಾಯಕನೆಂದು ಹೆಸರಾಗಿದ್ದ ವಿಷ್ಣುವರ್ಧನ್ ಪ್ರೀತಿಯಲ್ಲಿ ಸೋತು, ಸೋತದ್ದನ್ನು ಯಾರ ಮೇಲೂ ಹಾಕದೆ ನಿಲ್ಲುವುದನ್ನು ನೋಡಿ ಹೆಂಗಸರು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಗಂಡಸರು ಒರೆಸಿಕೊಳ್ಳಲಿಲ್ಲ ಎಂದು ಹೇಳಿಕೊಂಡರು.

ಎಂ. ರಂಗರಾವ್ ಇಲ್ಲಿ ಮಾಡಿದ ಚಮತ್ಕಾರ ಸರಳ. ನೋವಿನ ಹಾಡನ್ನು ಅವರು ಎಳೆಯಲಿಲ್ಲ. ನಡೆಯುವ ಕಾಲಿಗೆ ಹೊಂದುವ ಲಯ ಕೊಟ್ಟರು. ಆರ್.ಎನ್. ಜಯಗೋಪಾಲ್ ಸಾಹಿತ್ಯದಲ್ಲಿ ದೊಡ್ಡ ಪದಗಳಿಲ್ಲ. ಎಸ್‌ಪಿಬಿ ಪ್ರತಿ ಸಾಲಿನ ಕೊನೆಯನ್ನು ಸ್ವಲ್ಪ ಸಡಿಲ ಬಿಟ್ಟು ಹಾಡಿದರು, ಹೇಳಬೇಕಾದ್ದು ಇನ್ನೂ ಇದೆ ಎಂಬ ಹಾಗೆ. ಗಣೇಶನ ಹಬ್ಬದ ಆರ್ಕೆಸ್ಟ್ರಾದಲ್ಲಿ ಹಾಡಲು ಬಾರದ ಹುಡುಗ ವೇದಿಕೆ ಹತ್ತಿದರೆ ಮೊದಲು ಕೇಳುವ ಹಾಡು ಇದು, ಅವನು ಶ್ರುತಿ ತಪ್ಪಿದರೂ ಜನ ಕೂಗುವುದಿಲ್ಲ, ತಾವೇ ಎತ್ತಿಕೊಂಡು ಮುಗಿಸುತ್ತಾರೆ. ಎರಡನೆಯ ನಿಯಮಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? 2017ರಲ್ಲಿ ಈ ಹಾಡಿನ ಮೊದಲ ಪದಗಳನ್ನೇ ಹೆಸರಾಗಿಟ್ಟುಕೊಂಡು ಒಂದು ಚಿತ್ರ ಬಂತು. 2020ರಲ್ಲಿ ‘ಕಾಣದಂತೆ ಮಾಯವಾದನು’ ಹೆಸರಿನಲ್ಲಿ ಇನ್ನೊಂದು. ಎಂಬತ್ತರ ಹಾಡುಗಳು ಹೊಸ ನಿರ್ಮಾಪಕರಿಗೆ ಹೆಸರಿನ ಖಜಾನೆಯಾಗಿವೆ.

2. ಜೊತೆಯಲಿ (ಗೀತಾ, 1981)

ಈ ಸ್ಥಾನಕ್ಕೆ ಮನೆಯಲ್ಲೇ ಜಗಳವಾಯಿತು. ನನ್ನ ಅಕ್ಕ ಚೀಟಿ ನೋಡಿ ಸೀದಾ ಕೇಳಿದಳು: “ನಗುವ ನಯನ ಬಿಟ್ಟು ಪಟ್ಟಿ ಮಾಡಿದ್ದೀಯಲ್ಲೋ, ನಿಂಗೆ ಕಿವಿ ಐತೇನೋ?” ಅವಳ ಸಿಟ್ಟಿಗೆ ಕಾರಣವಿದೆ. ಮಣಿರತ್ನಂ ಅವರ ಮೊದಲ ಚಿತ್ರ, 1983ರ ‘ಪಲ್ಲವಿ ಅನುಪಲ್ಲವಿ’. ಬಾಲು ಮಹೇಂದ್ರ ಛಾಯಾಗ್ರಹಣ, ಅನಿಲ್ ಕಪೂರ್ ಮತ್ತು ಲಕ್ಷ್ಮಿ, ಇಳಯರಾಜಾ ಸಂಗೀತ, ಜಯಗೋಪಾಲ್ ಸಾಹಿತ್ಯ. ಎಸ್‌ಪಿಬಿ–ಜಾನಕಿ ಹಾಡಿದ ‘ನಗುವ ನಯನ’ ಕನ್ನಡದ ಅತಿ ನಾಜೂಕಿನ ಯುಗಳಗೀತೆ ಎಂದರೆ ನಾನೂ ಒಪ್ಪುತ್ತೇನೆ. ಆದರೆ ಆ ಹಾಡಿನ ಅರ್ಧ ಸೊಗಸು ವಾದ್ಯಗಳ ನಡುವಿನ ಬಿಡುವಿನಲ್ಲಿದೆ. ಕೆರೆ ಏರಿಯ ಮೇಲೆ ಒಬ್ಬನೇ ಹಾಡಿಕೊಂಡರೆ ಆ ಬಿಡುವುಗಳನ್ನು ತುಂಬುವವರು ಯಾರು? “ಏರಿ ಮೇಲೆ ಹಾಡೋರಿಗೆ ಅಂತ ಇಳಯರಾಜಾ ರಾಗ ಹಾಕಿದ್ರಾ?” ಎಂದು ಅಕ್ಕ ಕೇಳಿದ್ದಕ್ಕೆ ನನ್ನ ಹತ್ತಿರ ಉತ್ತರವಿಲ್ಲ. ನಿಯಮ ಮಾತ್ರ ನಿಯಮ.

ಅದೇ ಇಳಯರಾಜಾ, ಅದೇ ಎಸ್‌ಪಿಬಿ–ಜಾನಕಿ ಜೋಡಿ ‘ಗೀತಾ’ದಲ್ಲಿ ಬೇರೆಯೇ ಬಗೆಯದನ್ನು ಮಾಡಿತು. ಶಂಕರ್‌ನಾಗ್ ನಿರ್ದೇಶಿಸಿ ನಟಿಸಿದ ಚಿತ್ರ. ಸಾಹಿತ್ಯ ಮತ್ತೆ ಚಿ. ಉದಯಶಂಕರ್. ಇಲ್ಲಿ ಪಲ್ಲವಿಯ ರಾಗವೇ ಎಲ್ಲವನ್ನೂ ಹೊರುತ್ತದೆ. ಮೂರು ಪೆಟ್ಟಿನ ಹೆಜ್ಜೆಯ ಹಾಗೆ ಮೇಲೇರುವ ಆ ಮೊದಲ ಪದ ಬಾಯಿಗೆ ಬಂದರೆ ಸಾಕು, ಮುಂದಿನದು ತಾನಾಗಿ ಬರುತ್ತದೆ. ಒಬ್ಬರು ಸಾಲು ಬಿಟ್ಟರೆ ಇನ್ನೊಬ್ಬರು ಎತ್ತಿಕೊಳ್ಳಬಹುದು. ಗದ್ದೆಯಲ್ಲಿ ನಾಟಿ ಮಾಡುವ ಹೆಂಗಸರು ಈ ಹಾಡನ್ನು ಹಾಗೆಯೇ ಹಂಚಿಕೊಂಡು ಹಾಡಿದ್ದನ್ನು ಕೇಳಿದ್ದೇನೆ.

ಇದೇ ರಾಗವನ್ನು ಇಳಯರಾಜಾ 2007ರಲ್ಲಿ ಹಿಂದಿಯ ‘ಚೀನಿ ಕಮ್’ಗೆ ಒಯ್ದರು. ಅಮಿತಾಭ್ ಬಚ್ಚನ್, ಟಬು ಚಿತ್ರದಲ್ಲಿ ಶ್ರೇಯಾ ಘೋಷಾಲ್ ಅದನ್ನು ಹಾಡಿದಾಗ ದೇಶ ಹೊಸ ಹಾಡೆಂದು ತಲೆದೂಗಿತು. ನಾವು ಕಡಬದಲ್ಲಿ ಇಪ್ಪತ್ತಾರು ವರ್ಷ ಮೊದಲೇ ತಲೆದೂಗಿ ಆಗಿತ್ತು.

1. ನಮ್ಮೂರ ಮಂದಾರ ಹೂವೆ (ಆಲೆಮನೆ, 1981)

ಜಿಲ್ಲಾಭಿಮಾನ ಎನ್ನುವವರು ಎನ್ನಲಿ. ಈ ಹಾಡು ಬರೆದ ದೊಡ್ಡರಂಗೇಗೌಡರು ತುಮಕೂರು ಜಿಲ್ಲೆ ಮಧುಗಿರಿ ತಾಲ್ಲೂಕಿನ ಕುರುಬರಹಳ್ಳಿಯವರು. 1978ರ ‘ಪರಸಂಗದ ಗೆಂಡೆತಿಮ್ಮ’ದಲ್ಲಿ ‘ತೇರಾ ಏರಿ ಅಂಬರದಾಗೆ’ ಬರೆದು, ಬಯಲುಸೀಮೆಯ ಆಡುಮಾತು ಸಿನಿಮಾ ಹಾಡಾದರೆ ಹೇಗಿರುತ್ತದೆಂದು ಆಗಲೇ ತೋರಿಸಿದ್ದರು. ಮುಂದೆ 2018ರಲ್ಲಿ ಪದ್ಮಶ್ರೀ, 2023ರ ಹಾವೇರಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಗಿರಿ ಅವರಿಗೆ ಬಂದವು. ನಮ್ಮ ಕಡೆಯವರು ಅವರಿಗೆ ಸನ್ಮಾನ ಮಾಡಿದ್ದು ಅದಕ್ಕಿಂತ ಎಷ್ಟೋ ಮೊದಲು, ಹಾಡಿನ ಮೂಲಕ.

ಮೋಹನ್ ಕುಮಾರ್ ನಿರ್ದೇಶನದ ‘ಆಲೆಮನೆ’ಯಲ್ಲಿ ಸುರೇಶ್ ಹೆಬ್ಳೀಕರ್ ಮತ್ತು ರೂಪಾ ಚಕ್ರವರ್ತಿ. ಸಂಗೀತ ಅಶ್ವಥ್–ವೈದಿ. ಸುಗಮ ಸಂಗೀತದಿಂದ ಬಂದ ಸಿ. ಅಶ್ವಥ್, ಪಿಟೀಲಿನ ದೊಡ್ಡ ಮನೆತನದಿಂದ ಬಂದ ಎಲ್. ವೈದ್ಯನಾಥನ್. ವೈದ್ಯನಾಥನ್ ಅವರ ತಮ್ಮಂದಿರು ಎಲ್. ಸುಬ್ರಮಣ್ಯಂ ಮತ್ತು ಎಲ್. ಶಂಕರ್. ಒಬ್ಬರಿಗೆ ಕನ್ನಡ ಕವಿತೆಯ ಉಸಿರು ಗೊತ್ತು, ಇನ್ನೊಬ್ಬರಿಗೆ ವಾದ್ಯಮೇಳದ ಒಳಹೊರಗು ಗೊತ್ತು. ಹಾಗಾಗಿಯೇ ಈ ರಾಗ ಭಾವಗೀತೆಯೂ ಹೌದು, ಸಿನಿಮಾ ಹಾಡೂ ಹೌದು.

ಮೂರು ನಿಯಮಕ್ಕೂ ಇದು ಪಾಸಾಗುವ ಬಗೆ ನೋಡಿ. ವಾದ್ಯವಿಲ್ಲದೆ ಹಾಡಿದರೆ ಇದು ಕುಗ್ಗುವುದಿಲ್ಲ, ಬದಲಿಗೆ ಇನ್ನಷ್ಟು ಹತ್ತಿರವಾಗುತ್ತದೆ. ಎಸ್‌ಪಿಬಿ ಹಾಡಿದ ಮೂಲದಲ್ಲೂ ಕಂಠಕ್ಕೇ ಮೊದಲ ಮಣೆ. ಚರಣಗಳು ಜನಕ್ಕೆ ಗೊತ್ತು. ಸಿನಿಮಾವನ್ನಂತೂ ಇವತ್ತಿನ ಕೇಳುಗರಲ್ಲಿ ಬಹುತೇಕರು ನೋಡಿಯೇ ಇಲ್ಲ. ಚಿತ್ರ ಮರೆತುಹೋಗಿ ಹಾಡು ಉಳಿಯಿತು. ಎಷ್ಟರ ಮಟ್ಟಿಗೆ ಉಳಿಯಿತೆಂದರೆ 1996ರಲ್ಲಿ ಸುನೀಲ್ ಕುಮಾರ್ ದೇಸಾಯಿ, ಶಿವರಾಜ್‌ಕುಮಾರ್, ರಮೇಶ್ ಅರವಿಂದ್, ಪ್ರೇಮಾ ಅವರನ್ನಿಟ್ಟು ಮಾಡಿದ ಚಿತ್ರಕ್ಕೆ ಇದೇ ಹಾಡಿನ ಹೆಸರಿಟ್ಟರು. ಆ ಹೆಸರು ಬರೆದವರು ಯಾರು ಎಂದು ಟಾಕೀಸಿನಲ್ಲಿ ಕೂತವರಲ್ಲಿ ಎಷ್ಟು ಜನಕ್ಕೆ ಗೊತ್ತಿತ್ತೋ.

ಇನ್ನೂ ಒಂದು ಕಾರಣವಿದೆ. ಈ ಪಟ್ಟಿಯ ಮಿಕ್ಕ ಪ್ರೇಮಗೀತೆಗಳಲ್ಲಿ ಪ್ರೀತಿಸುವವರು ಎಲ್ಲಿಯವರು ಎಂಬುದು ಗೊತ್ತಾಗುವುದಿಲ್ಲ, ಅವರು ಎಲ್ಲಿಯವರಾದರೂ ಆಗಬಹುದು. ಈ ಹಾಡಿನವನಿಗೆ ಒಂದು ಊರಿದೆ. ಹುಡುಗಿಯನ್ನು ಹೊಗಳುವಾಗಲೂ ಅವನು ಊರನ್ನು ಬಿಟ್ಟು ಹೊಗಳುವುದಿಲ್ಲ. ಮದ್ರಾಸಿನ ಸ್ಟುಡಿಯೊಗಳಲ್ಲಿ ಕನ್ನಡದ ಬಹುಪಾಲು ಹಾಡುಗಳು ತಯಾರಾಗುತ್ತಿದ್ದ ದಶಕದಲ್ಲಿ, ಹಳ್ಳಿಯವನ ಹೆಮ್ಮೆಯನ್ನು ಹಳ್ಳಿಯವನ ನಾಲಗೆಯಲ್ಲೇ ಹೇಳಿದ ಹಾಡು ಇದು. ಮೊದಲ ಸ್ಥಾನಕ್ಕೆ ಅಷ್ಟು ಸಾಕು.

ಚೀಟಿ ಮುಗಿಯಿತು. ಮತ್ತೆ ಮೇಲಿನಿಂದ ಓದಿ ನೋಡಿದರೆ ನನಗೇ ಕಾಣುವುದು, ಹತ್ತರಲ್ಲಿ ಹೆಚ್ಚಿನವು ದಶಕದ ಮೊದಲ ಅರ್ಧದವು. ದಶಕ ಮುಂದೆ ಹೋದಂತೆ ಹಾಡುಗಳು ಕೆಟ್ಟವೆಂದಲ್ಲ. ಮೊದಲರ್ಧದ ಹಾಡುಗಳನ್ನು ರೇಡಿಯೊಕ್ಕಾಗಿ ಕಟ್ಟಿದ್ದರು. ಒಂದೇ ಸಲ ಕೇಳಿ ಮನಸ್ಸಿನಲ್ಲಿಟ್ಟುಕೊಳ್ಳಬೇಕಾದವನಿಗೆ ರಾಗ ಸುಲಭವಾಗಿ ಸಿಗಬೇಕಿತ್ತು. ಕ್ಯಾಸೆಟ್ ಮನೆಗೆ ಬಂದಮೇಲೆ ಬೇಕೆಂದಾಗ ಹಿಂದಕ್ಕೆ ಸುತ್ತಿ ಕೇಳಬಹುದಾಯಿತು. ಸೆಲ್ಲು ಉಳಿಸಲು ಪೆನ್ನು ತೂರಿಸಿ ಕೈಯಲ್ಲೇ ಸುತ್ತಿದವರು ಬೇಕಾದಷ್ಟು ಜನ. ಆಗ ಹಾಡಿನೊಳಗೆ ವಾದ್ಯ, ಅಬ್ಬರ, ಮಾತು ಎಲ್ಲ ತುಂಬಲು ಸಂಗೀತಗಾರರಿಗೆ ಧೈರ್ಯ ಬಂತು. ಬಾಯಿಗೆ ಒಗ್ಗುವ ಹಾಡನ್ನು ಹುಡುಕುವ ನನ್ನ ಅಳತೆಗೋಲಿಗೆ ಹಳೆಯ ಬಗೆಯ ಕಸುಬೇ ಹೆಚ್ಚು ಹೊಂದುತ್ತದೆ.

ಒಂದು ಅಹವಾಲು ಮಾತ್ರ ಉಳಿದಿದೆ. ಕ್ಯಾಸೆಟ್ಟಿನ ಒಳಗೆ ಮಡಚಿಟ್ಟ ಕಾಗದದಲ್ಲಿ ಸಾಹಿತ್ಯ ಯಾರದು, ಸಂಗೀತ ಯಾರದು, ಹಾಡಿದವರಾರು ಎಂದು ಸಣ್ಣಕ್ಷರದಲ್ಲಾದರೂ ಅಚ್ಚಾಗಿರುತ್ತಿತ್ತು. ಟಾಕೀಸಿನ ಮುಂದೆ ಮಾರುತ್ತಿದ್ದ ಹಾಡಿನ ಪುಸ್ತಕದಲ್ಲೂ ಅಷ್ಟೇ. ಈಗ ಮೊಬೈಲಿನಲ್ಲಿ ಹಾಡು ಹುಡುಕಿದರೆ ನಾಯಕನ ಹೆಸರಿನ ‘ಹಿಟ್ಸ್’ ಸಿಗುತ್ತದೆ, ದೊಡ್ಡರಂಗೇಗೌಡ, ವಿಜಯನಾರಸಿಂಹ, ಜಯಗೋಪಾಲ್, ಉದಯಶಂಕರ್ ಸಿಗುವುದಿಲ್ಲ. ಸ್ಕ್ರೀನಿನ ಮೇಲೆ ತುಟಿ ಆಡಿಸಿದವರ ಹೆಸರು ಉಳಿದು, ತುಟಿಗೆ ಮಾತು ಕೊಟ್ಟವರ ಹೆಸರು ಅಳಿಯುತ್ತಿದೆ.

ಆದ್ದರಿಂದ ಓದುಗರಲ್ಲಿ ವಿನಂತಿ. ಈ ಭಾನುವಾರ ನಿಮ್ಮ ಹತ್ತು ಹಾಡುಗಳ ಚೀಟಿ ಬರೆಯಿರಿ. ನನ್ನ ಅಕ್ಕನ ಹಾಗೆ ನನ್ನ ಪಟ್ಟಿಯ ಮೇಲೆ ಜಗಳಕ್ಕೂ ಬನ್ನಿ. ಆದರೆ ಪ್ರತಿ ಹಾಡಿನ ಮುಂದೆ ಬರೆದವರು, ರಾಗ ಹಾಕಿದವರು, ಹಾಡಿದವರು, ಈ ಮೂರು ಹೆಸರನ್ನು ಬರೆಯದೆ ಪಟ್ಟಿ ಮುಗಿಸಬೇಡಿ. ಗೊತ್ತಿಲ್ಲದಿದ್ದರೆ ಮನೆಯ ಹಿರಿಯರನ್ನು ಕೇಳಿ.